ಗ್ರಂಜ್ ಹೆಣ್ಣುಮಕ್ಕಳ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ

2025ರಲ್ಲಿ ಸೌಂಡ್‌ಗಾರ್ಡನ್ ಬ್ಯಾಂಡ್ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್, ಅಂದರೆ ರಾಕ್ ಸಂಗೀತದ ಸಾಧಕರ ಗೌರವ ಪಟ್ಟಿ, ಸೇರಿತು. ಅದಕ್ಕೂ ಮುಂಚೆ 2014ರಲ್ಲಿ ನಿರ್ವಾಣ, 2017ರಲ್ಲಿ ಪರ್ಲ್ ಜಾಮ್ ಸೇರಿದ್ದವು. ಮೂರೂ ಸಿಯಾಟಲ್ ಸೀಮೆಯ ಗ್ರಂಜ್ (ಪಂಕ್ ಮತ್ತು ಮೆಟಲ್ ಬೆರೆತ, ಭಾರವಾದ ಗಿಟಾರ್ ಸದ್ದಿನ ರಾಕ್) ಬ್ಯಾಂಡ್‌ಗಳು, ಮೂರರಲ್ಲೂ ಇದ್ದವರು ಗಂಡಸರು. ಅದೇ ವರ್ಷಗಳಲ್ಲಿ, ಅದೇ ವೇದಿಕೆಗಳ ಮೇಲೆ ನುಡಿಸಿದ, ಹೆಂಗಸರು ಮುಂದೆ ನಿಂತ ಹೋಲ್, ಎಲ್7, ಬೇಬ್ಸ್ ಇನ್ ಟಾಯ್‌ಲ್ಯಾಂಡ್, ಸೆವೆನ್ ಇಯರ್ ಬಿಚ್ ಬ್ಯಾಂಡ್‌ಗಳಲ್ಲಿ ಒಂದೂ 2025ರ ತನಕದ ಆ ಪಟ್ಟಿಯಲ್ಲಿಲ್ಲ. ನಿರ್ವಾಣ ಸೇರಿದ ರಾತ್ರಿ ಅದರ ಗಾಯಕ, ದಿವಂಗತ ಕರ್ಟ್ ಕೊಬೇನ್ ಜಾಗದಲ್ಲಿ ನಿಂತು ಅವನ ಹಾಡು ಹಾಡಿದವರು ಮಾತ್ರ ನಾಲ್ವರು ಹೆಂಗಸರು: ಜೋನ್ ಜೆಟ್, ಕಿಮ್ ಗಾರ್ಡನ್, ಸೇಂಟ್ ವಿನ್ಸೆಂಟ್, ಲಾರ್ಡ್. ಕರೆದು ಹಾಡಿಸುವುದಕ್ಕೆ ಆಗುತ್ತದೆ, ಒಳಗೆ ಕೂರಿಸುವುದಕ್ಕೆ ಆಗುವುದಿಲ್ಲ.

ಇದನ್ನು ಮರೆವು ಎಂದು ಬಿಟ್ಟುಬಿಡುವುದು ಸುಲಭ. ಆದರೆ ಆ ಹಾಲ್‌ನ ಮತದಾನ ನಡೆಯುವ ಬಗೆ ನೋಡಿದರೆ ಬೇರೆಯೇ ಕಾರಣ ಕಾಣುತ್ತದೆ. ಮೊದಲ ಧ್ವನಿಮುದ್ರಣ ಮಾರುಕಟ್ಟೆಗೆ ಬಂದು 25 ವರ್ಷ ಆಗಿರಬೇಕು. ಒಂದು ಸಣ್ಣ ಸಮಿತಿ ಹೆಸರುಗಳನ್ನು ಸೂಚಿಸುತ್ತದೆ, ಆಮೇಲೆ ಸಾವಿರಕ್ಕೂ ಹೆಚ್ಚು ಮಂದಿ ಮತ ಹಾಕುತ್ತಾರೆ. ಈಗಾಗಲೇ ಒಳಗಿರುವ ಕಲಾವಿದರೆಲ್ಲರಿಗೂ ಮತವಿದೆ. ಅಂದರೆ ಈ ವರ್ಷ ಆಯ್ಕೆಯಾದವರು ಮುಂದಿನ ವರ್ಷದಿಂದ ಆಯ್ಕೆ ಮಾಡುವವರು. 2023ರ ಮಾರ್ಚ್‌ನಲ್ಲಿ ಹೋಲ್ ಬ್ಯಾಂಡ್‌ನ ಕರ್ಟ್ನಿ ಲವ್ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯಲ್ಲಿ ಇದನ್ನೇ ಎತ್ತಿಕೊಂಡು ಬರೆದರು. ಆಗ ಒಳಗಿದ್ದ 719 ಮಂದಿಯಲ್ಲಿ ಹೆಂಗಸರು 61, ಅಂದರೆ ಶೇಕಡಾ 8.48. ಈ ಪ್ರಮಾಣದ ಮತದಾರರ ಪಟ್ಟಿ ತನ್ನನ್ನು ತಾನೇ ತಿದ್ದಿಕೊಳ್ಳಲು ಯಾವ ಒತ್ತಡವೂ ಇಲ್ಲ.

ಹಾಲ್ ಒಂದು ಬಿರುದು ಅಷ್ಟೇ, ಅದು ಸಿಗದಿದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಅದಕ್ಕಿಂತ ದೊಡ್ಡ ಲೆಕ್ಕಗಳು ಬೇರೆ ಕಡೆ ಇವೆ: ಯಾವ ಹಾಡಿಗೆ ಯಾರ ಹೆಸರು, ಯಾವ ಟೇಪ್ ಯಾರ ಗೋದಾಮಿನಲ್ಲಿ, ಯಾವ ಕರಾರಿನ ಅವಧಿ ಯಾವಾಗ ಮುಗಿಯುತ್ತದೆ. 1990ರಿಂದ 1994ರ ನಡುವೆ ಬಂದ ಆಲ್ಬಮ್‌ಗಳ ಹಕ್ಕನ್ನು ವಾಪಸು ಕೇಳಲು ಅಮೆರಿಕದ ಕಾನೂನು ಕೊಡುವ ಗಡುವು ಈಗ ಒಂದೊಂದಾಗಿ ತೆರೆಯುತ್ತಿದೆ. ಗ್ರಂಜ್‌ನ ಹೆಣ್ಣುಮಕ್ಕಳ ಬಗ್ಗೆ ಇವತ್ತು ಮಾತಾಡಬೇಕಾದದ್ದು ಮುಖ್ಯವಾಗಿ ಈ ಕಾಗದಪತ್ರಗಳ ಬಗ್ಗೆ.

ಗಡಿ ಎಳೆದದ್ದು ಯಾವಾಗ

ಗ್ರಂಜ್‌ನ ಚರಿತ್ರೆ ಬರೆಯುವವರು ಬಹುಪಾಲು 1986ರ 'ಡೀಪ್ ಸಿಕ್ಸ್' ಸಂಕಲನದಿಂದ ಶುರು ಮಾಡುತ್ತಾರೆ. ಗ್ರೀನ್ ರಿವರ್, ಮೆಲ್ವಿನ್ಸ್, ಮಾಲ್‌ಫಂಕ್ಷನ್, ಸ್ಕಿನ್ ಯಾರ್ಡ್, ಸೌಂಡ್‌ಗಾರ್ಡನ್, ಯು-ಮೆನ್ ಎಂಬ ಆರು ಬ್ಯಾಂಡ್‌ಗಳು, ಒಂದರಲ್ಲೂ ಹೆಣ್ಣಿಲ್ಲ. ಅದನ್ನು ತಂದ ಸಿ/ಝಡ್ ರೆಕಾರ್ಡ್ಸ್ ಕಂಪನಿ ಕಟ್ಟಿದವರು ಇಬ್ಬರು: ಟೀನಾ ಕಸಾಲೆ ಮತ್ತು ಕ್ರಿಸ್ ಹ್ಯಾನ್‌ಜೆಕ್. ಕಂಪನಿಯ ಅರ್ಧ ಪಾಲು ಹೆಣ್ಣಿನದ್ದು, ತಟ್ಟೆಯ ಮೇಲಿನ ಸಂಗೀತದಲ್ಲಿ ಹೆಣ್ಣಿನ ಪಾಲು ಸೊನ್ನೆ.

ಇದೇ ಹ್ಯಾನ್‌ಜೆಕ್ ಅವರ ರೆಸಿಪ್ರೊಕಲ್ ಸ್ಟುಡಿಯೋದಲ್ಲಿ ಎರಡು ವರ್ಷ ಮುಂಚೆ, 1984ರಲ್ಲಿ, ಬ್ಯಾಮ್ ಬ್ಯಾಮ್ ಎಂಬ ಸಿಯಾಟಲ್ ಬ್ಯಾಂಡ್ ರೆಕಾರ್ಡ್ ಮಾಡಿತ್ತು. ಹಾಡುತ್ತಿದ್ದವರು ಟೀನಾ ಬೆಲ್, ಕಪ್ಪು ಹೆಣ್ಣುಮಗಳು. ಗಿಟಾರ್‌ನಲ್ಲಿ ಗಂಡ ಟಾಮಿ ಮಾರ್ಟಿನ್. ಬ್ಯಾಂಡ್‌ನ ಶುರುವಿನ ಡ್ರಮ್ಮರ್ ಮ್ಯಾಟ್ ಕ್ಯಾಮರಾನ್ ಮುಂದೆ ಸ್ಕಿನ್ ಯಾರ್ಡ್ ಸೇರಿ ಡೀಪ್ ಸಿಕ್ಸ್‌ನಲ್ಲಿ ನುಡಿಸಿದರು, ಆಮೇಲೆ ಸೌಂಡ್‌ಗಾರ್ಡನ್, ಅದರ ನಂತರ ಪರ್ಲ್ ಜಾಮ್. ಅವರೀಗ ಹಾಲ್‌ನೊಳಗೆ ಎರಡು ಬ್ಯಾಂಡ್‌ಗಳ ಲೆಕ್ಕದಲ್ಲಿದ್ದಾರೆ. ಬೆಲ್ 1990ರಲ್ಲಿ ಬ್ಯಾಂಡ್ ಬಿಟ್ಟರು, 2012ರಲ್ಲಿ ತೀರಿಕೊಂಡರು, ಆಗ ಸುದ್ದಿಯೂ ಆಗಲಿಲ್ಲ. ಸಿಯಾಟಲ್‌ನ ಸೆಂಟ್ರಲ್ ಸಲೂನ್‌ನಲ್ಲಿ ಅವರ ಹೆಸರಿನಲ್ಲಿ ಗೌರವ ಕಾರ್ಯಕ್ರಮ ಆದದ್ದು 2021ರಲ್ಲಿ. ಭಾರವಾದ, ನಿಧಾನದ, ಪಂಕ್ ಮತ್ತು ಮೆಟಲ್ ಬೆರೆತ ಗಿಟಾರ್ ಸದ್ದು ಬೆಲ್ ಅವರ ತಟ್ಟೆಯಲ್ಲಿ ಡೀಪ್ ಸಿಕ್ಸ್‌ಗಿಂತ ಮುಂಚೆಯೇ ಇದೆ ಎನ್ನುವುದನ್ನು ಯಾರಾದರೂ ಎರಡನ್ನೂ ಒಂದಾದ ಮೇಲೊಂದು ಹಾಕಿ ಕೇಳಿ ತೀರ್ಮಾನಿಸಬಹುದು. 'ಮೊದಲ ಗ್ರಂಜ್ ಬ್ಯಾಂಡ್ ಯಾವುದು' ಎಂಬ ಜಗಳ ನನಗೆ ಅಷ್ಟು ಮುಖ್ಯ ಅನಿಸುವುದಿಲ್ಲ. ಅದೇ ಎಂಜಿನಿಯರ್, ಅದೇ ಡ್ರಮ್ಮರ್, ಅದೇ ಊರು ಇದ್ದೂ ಒಂದು ಬ್ಯಾಂಡ್ ಚರಿತ್ರೆಯ ಆಚೆ ಉಳಿಯಿತು ಎಂದರೆ, ಆ ಗಡಿಯನ್ನು ಸದ್ದು ಎಳೆದದ್ದಲ್ಲ.

ಬೆನ್ನ ಹಿಂದಿನ ಕೆಲಸದಲ್ಲಂತೂ ಹೆಂಗಸರೇ ತುಂಬಿದ್ದರು. ಸೌಂಡ್‌ಗಾರ್ಡನ್ ಮತ್ತು ಆಲಿಸ್ ಇನ್ ಚೇನ್ಸ್ ಬ್ಯಾಂಡ್‌ಗಳ ಮ್ಯಾನೇಜರ್ ಸೂಸನ್ ಸಿಲ್ವರ್. ನಿರ್ವಾಣದ ಮೊದಲ ಸಿಂಗಲ್‌ನ ಹೊದಿಕೆಯ ಫೋಟೋ ಆಲಿಸ್ ವೀಲರ್ ಅವರದ್ದು, ಮೊದಲ ಆಲ್ಬಮ್ 'ಬ್ಲೀಚ್'ನದ್ದು ಟ್ರೇಸಿ ಮರಾಂಡರ್ ಅವರದ್ದು. ಸಿಯಾಟಲ್‌ನ ರೆಕಾರ್ಡ್ ಕಂಪನಿ ಸಬ್ ಪಾಪ್‌ನ ಸ್ವಾಗತಕಾರಿಣಿಯಾಗಿದ್ದ ಮೆಗನ್ ಜಾಸ್ಪರ್ 1992ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರ ಫೋನ್ ಮಾಡಿದಾಗ 'ಗ್ರಂಜ್ ಮಂದಿಯ ಗುಪ್ತ ಪದಕೋಶ' ಎಂದು ನಿಂತ ನಿಲುವಿನಲ್ಲಿ ಪದಗಳನ್ನು ಹುಟ್ಟಿಸಿ ಹೇಳಿದರು. ಪತ್ರಿಕೆ ಅಷ್ಟನ್ನೂ ಅಚ್ಚು ಹಾಕಿತು. ಮುಂದೆ ಜಾಸ್ಪರ್ ಅದೇ ಕಂಪನಿಯ ಮುಖ್ಯಸ್ಥೆಯಾದರು.

ದನಿ ಹೊಂದುವುದಿಲ್ಲ ಎಂಬ ವಾದ

'ಗ್ರಂಜ್ ಎಂದರೆ ತಗ್ಗಿದ ಗಂಡುದನಿಯ ಸಂಗೀತ' ಎನ್ನುವ ಮಾತನ್ನು ಈಗಲೂ ಕೇಳುತ್ತೇವೆ. ಸದ್ದನ್ನು ಬಿಡಿಸಿ ನೋಡಿದರೆ ಇದು ನಿಲ್ಲುವುದಿಲ್ಲ.

ಗಿಟಾರಿನ ಅತಿ ದಪ್ಪ ತಂತಿಯನ್ನು 'ಇ' ಸ್ವರದಿಂದ 'ಡಿ'ಗೆ ಇಳಿಸಿದರೆ ಅದರ ಕಂಪನ 82.4 ಹರ್ಟ್ಜ್‌ನಿಂದ 73.4ಕ್ಕೆ ಬರುತ್ತದೆ. ಕೆಳಗಿನ ಮೂರು ತಂತಿಗಳನ್ನು ಒಂದೇ ಬೆರಳಲ್ಲಿ ಒತ್ತಿ ಪವರ್ ಕಾರ್ಡ್ (ಎರಡೇ ಸ್ವರಗಳ ದಪ್ಪ ಸ್ವರಗುಚ್ಛ) ಹಿಡಿಯಬಹುದು, ಅದೇ ಇದರ ಲಾಭ. ತಂತಿ ಸಡಿಲಾಗುತ್ತದೆ, ಅದು ನಷ್ಟ. ಫೆಂಡರ್ ಮಸ್ಟ್ಯಾಂಗ್‌ನಂಥ 24 ಇಂಚಿನ ಅಳತೆಯ ಗಿಟಾರಿನಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ 25.5 ಇಂಚಿನದ್ದಕ್ಕಿಂತ ಎಳೆತ ಮೊದಲೇ ಕಡಿಮೆ. ಜೋರಾಗಿ ಬಾರಿಸಿದಾಗ ತಂತಿ ಫ್ರೆಟ್‌ಗೆ ಬಡಿದು ಜುಂಯ್‌ಗುಟ್ಟುತ್ತದೆ, ಸ್ವರ ಮೊದಲ ಕ್ಷಣ ಏರಿ ಆಮೇಲೆ ಸರಿಯಾದ ಜಾಗಕ್ಕೆ ಬರುತ್ತದೆ. ತೆಳು ತಂತಿಗಳ 9ರ ಸೆಟ್ ತೆಗೆದು ದಪ್ಪ ತಂತಿಗಳ 11ರ ಸೆಟ್ ಹಾಕುವುದು ಇದಕ್ಕೆ ಮದ್ದು, ಹಾಕಿದ ಮೇಲೆ ನೆಕ್‌ನೊಳಗಿನ ಲೋಹದ ಸರಳು, ಟ್ರಸ್ ರಾಡ್, ಸ್ವಲ್ಪ ಬಿಗಿ ಮಾಡಬೇಕು.

ಈಗ ಗಿಟಾರಿನ ಸದ್ದನ್ನು ಒಡೆದು ದಪ್ಪ ಮಾಡುವ, ಬಿಗ್ ಮಫ್‌ನಂಥ ಫಝ್ ಪೆಡಲ್ ಸೇರಿಸಿ. ಅದರ ಟೋನ್ ಸರ್ಕ್ಯೂಟ್ ಸುಮಾರು 1000 ಹರ್ಟ್ಜ್ ಆಸುಪಾಸಿನಲ್ಲಿ ಒಂದು ತಗ್ಗು ಮಾಡುತ್ತದೆ. ಕೆಳಗೆ ಗುಡುಗು, ಮೇಲೆ ಕರಕರ, ನಡುವೆ ಖಾಲಿ. ಮಾತಿನಲ್ಲಿ ಗಂಡುದನಿಯ ಮೂಲ ಕಂಪನ ಸುಮಾರು 85ರಿಂದ 180 ಹರ್ಟ್ಜ್, ಅದು ನೇರವಾಗಿ ಬಾಸ್ ಮತ್ತು ಗಿಟಾರಿನ ಗುಡುಗಿನೊಳಗೇ ಹೋಗಿ ಕೂರುತ್ತದೆ. ಹೆಣ್ಣುದನಿ ಸುಮಾರು 165ರಿಂದ 255, ಕಿರುಚಿದಾಗ ಇನ್ನೂ ಬಹಳ ಮೇಲೆ. ಅದು ಪೆಡಲ್ ಬಿಟ್ಟುಕೊಟ್ಟ ಆ ಖಾಲಿ ಜಾಗದಲ್ಲಿ ನಿಲ್ಲುತ್ತದೆ. ಬೇಬ್ಸ್ ಇನ್ ಟಾಯ್‌ಲ್ಯಾಂಡ್‌ನ ಗಾಯಕಿ ಕ್ಯಾಟ್ ಬ್ಯೆಲ್ಯಾಂಡ್ ಕಿರುಚಿದಾಗ ಪ್ರತಿ ಅಕ್ಷರ ಕೇಳಿಸುವುದಕ್ಕೆ ಇದೂ ಒಂದು ಕಾರಣ. ಆ ಬ್ಯಾಂಡ್‌ನ 1990ರ 'ಸ್ಪ್ಯಾಂಕಿಂಗ್ ಮಶೀನ್' ಆಲ್ಬಮ್ ರೆಕಾರ್ಡ್ ಮಾಡಿದವರು ಜ್ಯಾಕ್ ಎಂಡಿನೊ, 'ಬ್ಲೀಚ್' ಮಾಡಿದವರೂ ಅವರೇ. ಬ್ಲೀಚ್‌ನ ಖರ್ಚು 606 ಡಾಲರ್ 17 ಸೆಂಟ್, ಸುಮಾರು 30 ಗಂಟೆ. ಅಷ್ಟು ಅಗ್ಗದ, ಎಂಟು ಟ್ರ್ಯಾಕಿನ ಕೆಲಸದಲ್ಲಿ ದನಿಗೆ ಪದರದ ಮೇಲೆ ಪದರ ಹಾಕುವ ಪುರುಸೊತ್ತು ಇರುವುದಿಲ್ಲ. ತಾನಾಗಿ ಸೀಳಿ ಬರುವ ದನಿಗೆ ಅಲ್ಲಿ ಹೆಚ್ಚು ಬೆಲೆ.

ತೊಂದರೆ ಆಗುತ್ತಿದ್ದದ್ದು ವೇದಿಕೆಯಲ್ಲಿ, ಅದೂ ಮಿಕ್ಸರ್ ಮುಂದೆ ಕೂತವನ ಕೈಯಲ್ಲಿ. ಸಣ್ಣ ಕ್ಲಬ್‌ಗಳಲ್ಲಿ ಸ್ಪೀಕರ್ ಇರುವುದೇ ದನಿಗೆ. ಗಿಟಾರ್ ಆಂಪ್‌ಗಳು ಜೋರಾದಾಗ ಹಾಡುವವರಿಗೆ ತಮ್ಮ ದನಿ ಕೇಳಿಸುವುದಿಲ್ಲ, ತಮ್ಮ ಕಡೆ ಮುಖ ಮಾಡಿದ ಸ್ಪೀಕರ್, ಅಂದರೆ ಮಾನಿಟರ್, ಏರಿಸಲು ಹೇಳುತ್ತಾರೆ, ಮೈಕ್ ಕೂಗುತ್ತದೆ. ಕೂಗು ಎಷ್ಟೋ ಸಲ 2000ದಿಂದ 4000 ಹರ್ಟ್ಜ್‌ನಲ್ಲಿ ಬರುತ್ತದೆ, ಏಕೆಂದರೆ ಎಸ್‌ಎಂ58ನಂಥ ಮೈಕ್ ಆ ಕಡೆಗೇ ಸ್ವಲ್ಪ ಉಬ್ಬಿಸಿಕೊಂಡಿರುತ್ತದೆ. ಅವಸರದ ಎಂಜಿನಿಯರ್ ಆ ಭಾಗವನ್ನೇ ಈಕ್ವಲೈಸರ್‌ನಲ್ಲಿ ಕತ್ತರಿಸುತ್ತಾನೆ. ಕೂಗು ನಿಲ್ಲುತ್ತದೆ, ಜೊತೆಗೆ ಹೆಣ್ಣುದನಿಯ ವ್ಯಂಜನಗಳೂ ಹೋಗುತ್ತವೆ. ಆಮೇಲೆ 'ಪದವೇ ಕೇಳಿಸಲಿಲ್ಲ, ಬರೀ ಚೀರಾಟ' ಎಂಬ ವಿಮರ್ಶೆ. ಮಾಡಬೇಕಾದದ್ದು ಬೇರೆ: ಮೊದಲು ಆಂಪ್‌ನ ಸದ್ದು ಇಳಿಸಿ ಅದನ್ನು ಗಿಟಾರ್ ನುಡಿಸುವವರ ಮೊಣಕಾಲಿನ ಕಡೆಯಿಂದ ಕಿವಿಯ ಕಡೆಗೆ ಓರೆ ಮಾಡಬೇಕು. ಮಾನಿಟರ್ ಅನ್ನು ಮೈಕಿನ ಬೆನ್ನಿಗೆ ನೇರವಾಗಿ ಇಡಬೇಕು, ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ಕಿವುಡು ಇರುವುದು ಅಲ್ಲೇ. ಇನ್ನೂ ಕಿರಿದಾಗಿ ಹಿಡಿಯುವ ಸೂಪರ್‌ಕಾರ್ಡಿಯಾಯ್ಡ್ ಆದರೆ ಬೆನ್ನಿಗಲ್ಲ, ಎರಡೂ ಪಕ್ಕಕ್ಕೆ, ಸುಮಾರು 126 ಡಿಗ್ರಿಯಲ್ಲಿ. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಬಾರದು, ಹಾಗೆ ಹಿಡಿದರೆ ಅದು ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳಲು ಶುರು ಮಾಡುತ್ತದೆ.

ಬೇರೆ ಕಪಾಟು

ಎಲ್7 ಲಾಸ್ ಏಂಜಲೀಸ್‌ನದ್ದು, 1985ರಲ್ಲಿ ಡೊನಿಟಾ ಸ್ಪಾರ್ಕ್ಸ್ ಮತ್ತು ಸೂಜಿ ಗಾರ್ಡ್ನರ್ ಕಟ್ಟಿದ್ದು. 1990ರಲ್ಲಿ ಅವರ ತಟ್ಟೆ ತಂದದ್ದು ಸಬ್ ಪಾಪ್, 1992ರ 'ಬ್ರಿಕ್ಸ್ ಆರ್ ಹೆವಿ' ನಿರ್ಮಿಸಿದ್ದು ನಿರ್ವಾಣದ 'ನೆವರ್‌ಮೈಂಡ್' ನಿರ್ಮಿಸಿದ ಬುಚ್ ವಿಗ್. ಇಷ್ಟಾದರೂ ಪತ್ರಿಕೆಗಳು ಅವರನ್ನು ಒಮ್ಮೆ ರಯಟ್ ಗರ್ಲ್ ಎಂದವು, ಒಮ್ಮೆ ಫಾಕ್ಸ್‌ಕೋರ್ ಎಂದವು. ಎರಡನೆಯದು ಸೋನಿಕ್ ಯೂತ್‌ನ ಥರ್ಸ್ಟನ್ ಮೂರ್ ತಮಾಷೆಗೆ ಹೇಳಿದ್ದು. ಮೊದಲನೆಯದು ಸಿಯಾಟಲ್ ಹತ್ತಿರದ ಒಲಿಂಪಿಯಾ ಮತ್ತು ವಾಷಿಂಗ್ಟನ್ ಡಿಸಿಯಲ್ಲಿ 1991ರ ಹೊತ್ತಿಗೆ ಎದ್ದ ಬೇರೊಂದು ಚಳವಳಿ, ಹೆಣ್ಣುಮಕ್ಕಳ ಪಂಕ್‌ನದ್ದು. ಬಿಕಿನಿ ಕಿಲ್ ಅದರ ಮುಂಚೂಣಿಯ ಬ್ಯಾಂಡ್, ಕೈಬರಹದ ಕಿರುಪತ್ರಿಕೆಗಳು ಅದರ ಜೀವ. ಹೋಲ್, ಎಲ್7, ಬೇಬ್ಸ್ ಇನ್ ಟಾಯ್‌ಲ್ಯಾಂಡ್ ಅದರೊಳಗೆ ಇರಲಿಲ್ಲ. ಹೆಂಗಸರೆಲ್ಲ ಒಂದೇ ಕಪಾಟು ಎಂದಾದ ಮೇಲೆ ಗ್ರಂಜ್ ಕಪಾಟಿನಲ್ಲಿ ಗಂಡಸರಷ್ಟೇ ಉಳಿಯುವುದು ಸಹಜ. ಇವತ್ತಿನ ಸ್ಟ್ರೀಮಿಂಗ್ ಪಟ್ಟಿಗಳು ಹಳೆಯ ಈ ಹಣೆಪಟ್ಟಿಗಳನ್ನೇ ನುಂಗಿ ಬೆಳೆದಿವೆ.

ಇನ್ನೊಂದು ಕಪಾಟು ಸಾವಿನದ್ದು. ದ ಗಿಟ್ಸ್ ಬ್ಯಾಂಡ್‌ನ ಗಾಯಕಿ ಮಿಯಾ ಜಪಾಟಾ 1993ರ ಜುಲೈ 7ರಂದು ಸಿಯಾಟಲ್‌ನಲ್ಲಿ ಕೊಲೆಯಾದರು, ವಯಸ್ಸು 27. ಊರಿನ ಬ್ಯಾಂಡ್‌ಗಳು ಹಣ ಕೂಡಿಸಿ ಖಾಸಗಿ ಪತ್ತೇದಾರರನ್ನು ಇಟ್ಟವು. ಆಗ ಸಿಗಲಿಲ್ಲ. ಶವದ ಮೇಲಿಂದ ತೆಗೆದು ಕಾದಿಟ್ಟಿದ್ದ ಎಂಜಲಿನ ಮಾದರಿಯ ಡಿಎನ್‌ಎ ಸುಮಾರು ಹತ್ತು ವರ್ಷದ ಮೇಲೆ ರಾಷ್ಟ್ರೀಯ ದತ್ತಾಂಶಕ್ಕೆ ಹೊಂದಿತು, 2004ರಲ್ಲಿ ಅಪರಾಧಿಗೆ ಶಿಕ್ಷೆಯಾಯಿತು. ಸೆವೆನ್ ಇಯರ್ ಬಿಚ್‌ನ ಡ್ರಮ್ಮರ್ ವ್ಯಾಲೆರಿ ಆಗ್ನ್ಯೂ ಮತ್ತು ಗೆಳತಿಯರು ಹೋಮ್ ಅಲೈವ್ ಎಂಬ ಆತ್ಮರಕ್ಷಣೆಯ ಸಂಸ್ಥೆ ಕಟ್ಟಿದರು, ಶುಲ್ಕ ಕೈಲಾದಷ್ಟು. ಇವೆಲ್ಲ ಗೊತ್ತಿರುವ ಓದುಗರಲ್ಲೂ ಜಪಾಟಾ ಹಾಡಿದ್ದನ್ನು ಕೇಳಿದವರು ಕಡಿಮೆ, ಬ್ಲೂಸ್ ಗಾಯಕಿಯ ಉಸಿರಿಟ್ಟುಕೊಂಡು ಪಂಕ್ ವೇಗದಲ್ಲಿ ಹಾಡುವ ಆ ದನಿ ಇನ್ನೊಬ್ಬರಿಗೆ ಇರಲಿಲ್ಲ. 2024ರಲ್ಲಿ ಸಬ್ ಪಾಪ್ ಗಿಟ್ಸ್‌ನ ಆಲ್ಬಮ್‌ಗಳನ್ನು ಹೊಸದಾಗಿ ಮಾಸ್ಟರ್ ಮಾಡಿಸಿ ಮರುಬಿಡುಗಡೆ ಮಾಡಿದ ಮೇಲೆ ಕೇಳಲು ನೆಪ ಬೇಕಿಲ್ಲ.

ಹಾಡಿಗೆ ಯಾರ ಹೆಸರು

ಹೋಲ್‌ನ 'ಲಿವ್ ಥ್ರೂ ದಿಸ್' 1994ರ ಏಪ್ರಿಲ್ 12ರಂದು ಬಂತು, ಕೊಬೇನ್ ಶವ ಸಿಕ್ಕಿದ ನಾಲ್ಕು ದಿನಕ್ಕೆ. ಹಾಡು ಬರೆದದ್ದು ಅವನೇ ಎಂಬ ಗಾಳಿಮಾತು ಅಂದೇ ಹುಟ್ಟಿತು, ಇಂದಿಗೂ ಸತ್ತಿಲ್ಲ. ತಾರೀಖುಗಳನ್ನು ಜೋಡಿಸಿದರೆ ಸಾಕು. ಆಲ್ಬಮ್ ರೆಕಾರ್ಡ್ ಆದದ್ದು 1993ರ ಅಕ್ಟೋಬರ್‌ನಲ್ಲಿ, ಜಾರ್ಜಿಯಾದ ಮರಿಯೆಟ್ಟಾದಲ್ಲಿ. ಅದರ ಎರಡು ಮುಖ್ಯ ಹಾಡು 'ವಯಲೆಟ್' ಮತ್ತು 'ಡಾಲ್ ಪಾರ್ಟ್ಸ್' 1991ರ ನವೆಂಬರ್‌ನಲ್ಲೇ ಬಿಬಿಸಿಯ ಜಾನ್ ಪೀಲ್ ಕಾರ್ಯಕ್ರಮಕ್ಕೆ ರೆಕಾರ್ಡ್ ಆಗಿವೆ. ಆ ಹಳೆಯ ರೂಪ ಮುಂದೆ ತಟ್ಟೆಯಾಗಿಯೂ ಬಂದಿದೆ, ಹೋಲಿಸಿ ನೋಡಬಹುದು. ಲವ್ ಮತ್ತು ಕೊಬೇನ್ ಮದುವೆ 1992ರ ಫೆಬ್ರವರಿ. ಆಲ್ಬಮ್‌ನಲ್ಲಿ ಕೊಬೇನ್ ಮಾಡಿದ್ದು ಒಂದೆರಡು ಕಡೆ ಹಿನ್ನೆಲೆ ದನಿ ಕೊಟ್ಟದ್ದು.

ಇದು ಮಾನದ ಪ್ರಶ್ನೆ ಮಾತ್ರ ಅಲ್ಲ, ದುಡ್ಡಿನದ್ದೂ ಹೌದು. ಒಂದು ಧ್ವನಿಮುದ್ರಣದಲ್ಲಿ ಎರಡು ಹಕ್ಕುಗಳಿರುತ್ತವೆ: ಹಾಡು ಕಟ್ಟಿದವರದ್ದು ಒಂದು, ಆ ನಿರ್ದಿಷ್ಟ ಧ್ವನಿಮುದ್ರಣದ್ದು ಇನ್ನೊಂದು. ಅಮೆರಿಕದಲ್ಲಿ ಮಾಮೂಲಿ ರೇಡಿಯೋ ಕೇಂದ್ರಗಳು ಹಾಡು ಕಟ್ಟಿದವರಿಗೆ ಹಣ ಕೊಡುತ್ತವೆ, ನುಡಿಸಿ ಹಾಡಿದವರಿಗೆ ಬಿಡಿಗಾಸಿಲ್ಲ. ಅಚ್ಚಾದ ಪ್ರತಿ ತಟ್ಟೆಗೆ ಪ್ರತಿ ಹಾಡಿಗೆ 1994ರಲ್ಲಿ ಕಾನೂನು ಗೊತ್ತು ಮಾಡಿದ ದರ 6.6 ಸೆಂಟ್, ಅದೂ ಹಾಡು ಕಟ್ಟಿದವರಿಗೆ. ಕರಾರಿನಲ್ಲಿ ಅದನ್ನು ಮುಕ್ಕಾಲಿಗೆ ಇಳಿಸುವುದು ಆಗ ಸಾಮಾನ್ಯವಾಗಿತ್ತು. ಹಾಡು ಬೇರೆಯವರು ಬರೆದರು ಎಂಬ ಗಾಳಿಮಾತು ಹೊಡೆಯುವುದು ಈ ಆದಾಯದ ಬುಡಕ್ಕೇ.

ಹೋಲ್‌ನ ಡ್ರಮ್ಮರ್ ಪ್ಯಾಟಿ ಶೆಮೆಲ್ ಅವರದ್ದು ಇದರ ಇನ್ನೊಂದು ಮುಖ. 1998ರ 'ಸೆಲೆಬ್ರಿಟಿ ಸ್ಕಿನ್' ಆಲ್ಬಮ್‌ಗೆ ಅವರು ತಾಳ ಕಟ್ಟಿದ್ದರು, ನಿರ್ಮಾಪಕ ಮೈಕಲ್ ಬೈನ್‌ಹಾರ್ನ್ ಬಾಡಿಗೆಗೆ ಬಂದ ಡ್ರಮ್ಮರ್‌ನಿಂದ ಅದನ್ನು ನುಡಿಸಿಕೊಂಡರು. ಹೊದಿಕೆಯ ಮೇಲೆ ಶೆಮೆಲ್ ಮುಖವಿದೆ, ಒಳಗೆ ಕೇಳುವ ಪೆಟ್ಟು ಅವರದ್ದಲ್ಲ. ಬ್ಯಾಂಡ್‌ಗಳಲ್ಲಿ ಡ್ರಮ್ಮರ್ ಬದಲಾಯಿಸುವುದು ಅಪರೂಪವಲ್ಲ, ಗಂಡಸರಿಗೂ ಆಗಿದೆ. ಆದರೆ ಧ್ವನಿಮುದ್ರಣದ ಹಕ್ಕು ಹುಟ್ಟುವುದು ಟೇಪಿನ ಮೇಲೆ ಯಾರ ಕೈಕೆಲಸ ಇದೆ ಎಂಬುದರಿಂದ. ಟೇಪಿನಿಂದ ತೆಗೆದರೆ ಮುಂದಿನ ದಶಕಗಳ ಲೆಕ್ಕದಿಂದಲೂ ತೆಗೆದಂತೆ.

ಹತ್ತು ಲಕ್ಷ ಮಾರಿ ಸೊನ್ನೆ

ಈ ವ್ಯವಸ್ಥೆಯ ಗಣಿತವನ್ನು ಸಾರ್ವಜನಿಕವಾಗಿ ಬಿಡಿಸಿಟ್ಟವರೂ ಒಬ್ಬ ಗ್ರಂಜ್ ಗಾಯಕಿಯೇ. 2000ನೇ ಇಸವಿಯ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಒಂದು ಸಮ್ಮೇಳನದಲ್ಲಿ ಲವ್ ಕೊಟ್ಟ ಲೆಕ್ಕ ಹೀಗಿತ್ತು. ನಾಲ್ಕು ಜನರ ಬ್ಯಾಂಡ್, 10 ಲಕ್ಷ ಡಾಲರ್ ಮುಂಗಡ, ಶೇಕಡಾ 20 ರಾಯಲ್ಟಿ. ರೆಕಾರ್ಡಿಂಗ್‌ಗೆ 5 ಲಕ್ಷ ಹೋಯಿತು. ಮ್ಯಾನೇಜರ್‌ಗೆ 1 ಲಕ್ಷ, ವಕೀಲರಿಗೆ ಮತ್ತು ಲೆಕ್ಕ ನೋಡುವವರಿಗೆ 25 ಸಾವಿರದಂತೆ. ಉಳಿದ 3.5 ಲಕ್ಷದಲ್ಲಿ 1.7 ಲಕ್ಷ ತೆರಿಗೆ. ತಲೆಗೆ 45 ಸಾವಿರ ಡಾಲರ್, ಅದರಲ್ಲೇ ಆಲ್ಬಮ್ ಬರುವ ತನಕ ಬದುಕಬೇಕು.

ಆಲ್ಬಮ್ 10 ಲಕ್ಷ ಪ್ರತಿ ಮಾರಿತು ಎನ್ನಿ. ಪ್ರತಿಗೆ 2 ಡಾಲರ್‌ನಂತೆ 20 ಲಕ್ಷ ರಾಯಲ್ಟಿ. ಆದರೆ ಮುಂಗಡ 10 ಲಕ್ಷ ಮುರಿದುಕೊಳ್ಳಬೇಕು. 10 ಲಕ್ಷದ ಎರಡು ವಿಡಿಯೋಗಳ ಅರ್ಧ ಖರ್ಚು 5 ಲಕ್ಷ, ಪ್ರವಾಸದ ನೆರವು 2 ಲಕ್ಷ, ರೇಡಿಯೋ ಪ್ರಚಾರ 3 ಲಕ್ಷ. ಕೂಡಿಸಿದರೆ ಸರಿಯಾಗಿ 20 ಲಕ್ಷ. ಬ್ಯಾಂಡ್ ಕೈಗೆ ಸೊನ್ನೆ. ಕಂಪನಿಯ ವಹಿವಾಟು 1.1 ಕೋಟಿ ಡಾಲರ್. ಕಳೆಯುವುದನ್ನೆಲ್ಲ ಕಳೆದು ಲಾಭ 66 ಲಕ್ಷ ಎಂದು ಅವರು ಹೇಳಿದರು.

ಎಲ್ಲ ಖರ್ಚು ಕೊಟ್ಟ ಮೇಲೂ ಮಾಸ್ಟರ್ ಟೇಪ್, ಅಂದರೆ ಮೂಲ ಧ್ವನಿಮುದ್ರಣ, ಕಂಪನಿಯದ್ದೇ. ಮನೆ ಸಾಲ ತೀರಿದ ಮೇಲೂ ಪತ್ರ ಬ್ಯಾಂಕಿನ ಹೆಸರಲ್ಲೇ ಇದ್ದ ಹಾಗೆ. ಆ ಭಾಷಣದ ಹಿಂದೆ ತುರ್ತಾದ ಕಾರಣವೂ ಇತ್ತು. 1999ರ ನವೆಂಬರ್‌ನಲ್ಲಿ ಉಪಗ್ರಹ ಟಿವಿ ಕುರಿತ ಮಸೂದೆಯೊಂದರಲ್ಲಿ ಸದ್ದಿಲ್ಲದೆ ಒಂದು ಸಾಲು ನುಸುಳಿತ್ತು: ಧ್ವನಿಮುದ್ರಣಗಳು 'ಕೂಲಿಗೆ ಮಾಡಿದ ಕೆಲಸ'ದ, ಅಂದರೆ ಮಾಡಿಸಿದ ಕಂಪನಿಯನ್ನೇ ಕರ್ತೃ ಎಂದು ಎಣಿಸುವ ಕೆಲಸದ, ಪಟ್ಟಿಗೆ ಸೇರುತ್ತವೆ ಎಂದು. ಅದು ಹಾಗೇ ಉಳಿದಿದ್ದರೆ ಕಲಾವಿದರಿಗೆ ಹಕ್ಕು ಎಂದೂ ಮರಳುತ್ತಿರಲಿಲ್ಲ. ಗಾಯಕಿ ಶೆರಿಲ್ ಕ್ರೋ ಸಂಸತ್ ಸಮಿತಿಯ ಮುಂದೆ ಸಾಕ್ಷಿ ಹೇಳಿದರು, ಲವ್ ವೇದಿಕೆಯಲ್ಲಿ ಕೂಗಿದರು, 2000ದ ಅಕ್ಟೋಬರ್‌ನಲ್ಲಿ ಆ ಸಾಲು ರದ್ದಾಯಿತು. ಈಗ ತೆರೆಯುತ್ತಿರುವ ಗಡುವು ಅಂದು ಉಳಿಸಿಕೊಂಡದ್ದು.

2027ರ ಏಪ್ರಿಲ್

ಅಮೆರಿಕದ ಕಾಪಿರೈಟ್ ಕಾಯಿದೆಯ 203ನೇ ಕಲಂ ಹೇಳುವುದು ಇಷ್ಟು: 1978ರ ನಂತರ ಕರ್ತೃ ಬರೆದುಕೊಟ್ಟ ಹಕ್ಕನ್ನು 35 ವರ್ಷದ ಮೇಲೆ ರದ್ದು ಮಾಡಿ ವಾಪಸು ಪಡೆಯಬಹುದು. ಪ್ರಕಟಣೆಯ ಹಕ್ಕೂ ಸೇರಿದ್ದರೆ ಪ್ರಕಟವಾದ 35 ವರ್ಷ ಅಥವಾ ಸಹಿ ಹಾಕಿದ 40 ವರ್ಷ, ಯಾವುದು ಮೊದಲೋ ಅದು. ರದ್ದು ಮಾಡುವ ಕಿಟಕಿ ತೆರೆದಿರುವುದು ಐದು ವರ್ಷ. ನೋಟಿಸನ್ನು ರದ್ದಾಗುವ ದಿನಕ್ಕೆ ಕನಿಷ್ಠ ಎರಡು ವರ್ಷ, ಗರಿಷ್ಠ ಹತ್ತು ವರ್ಷ ಮೊದಲು ಕೊಟ್ಟಿರಬೇಕು, ಆ ದಿನಕ್ಕೂ ಮುಂಚೆ ಕಾಪಿರೈಟ್ ಕಚೇರಿಯಲ್ಲಿ ದಾಖಲಿಸಿರಬೇಕು. 'ಈ ಹಕ್ಕನ್ನು ಬಳಸುವುದಿಲ್ಲ' ಎಂದು ಕರಾರಿನಲ್ಲಿ ಬರೆಸಿಕೊಂಡಿದ್ದರೂ ನಡೆಯುವುದಿಲ್ಲ.

ಪ್ರಕಟಣೆಯ ದಿನದಿಂದ ಎಣಿಸಿದರೆ 1990ರ ತಟ್ಟೆಗಳಿಗೆ ಕಿಟಕಿ 2025ರಲ್ಲೇ ತೆರೆದಿದೆ. 1992ರ ಏಪ್ರಿಲ್‌ನ 'ಬ್ರಿಕ್ಸ್ ಆರ್ ಹೆವಿ'ಗೆ 2027ರ ಏಪ್ರಿಲ್‌ನಿಂದ 2032ರ ಏಪ್ರಿಲ್. 'ಲಿವ್ ಥ್ರೂ ದಿಸ್'ಗೆ 2029ರ ಏಪ್ರಿಲ್ 12ರಿಂದ. ಮೊದಲ ದಿನವೇ ಹಕ್ಕು ಕೈಗೆ ಬರಬೇಕಾದರೆ ನೋಟಿಸ್ 2027ರ ಏಪ್ರಿಲ್ 12ರೊಳಗೆ ಹೋಗಿರಬೇಕು. ತಡವಾದಷ್ಟು ದಿನ ಹಕ್ಕು ಮುಂದೆ ಹೋಗುತ್ತದೆ. ಈ ಆಲ್ಬಮ್‌ನ ಕಿಟಕಿ 2034ರ ಏಪ್ರಿಲ್‌ನಲ್ಲಿ ಮುಗಿಯುವುದರಿಂದ, ನೋಟಿಸ್ ಕೊಡದೆ 2032ರ ಏಪ್ರಿಲ್ ದಾಟಿದರೆ ಆ ಬಾಗಿಲು ಮುಚ್ಚಿದ ಹಾಗೆಯೇ.

ಎಡವುವ ಜಾಗಗಳು ಹಲವು. ಕಂಪನಿ ಮೊದಲು ಹೇಳುವುದೇ 'ಇದು ಕೂಲಿಗೆ ಮಾಡಿದ ಕೆಲಸ' ಎಂದು, ಹಳೆಯ ಕರಾರುಗಳಲ್ಲಿ ಆ ಸಾಲು ಇದ್ದೇ ಇರುತ್ತದೆ. ನ್ಯಾಯಾಲಯದಲ್ಲಿ ಅದು ಎಷ್ಟು ನಿಲ್ಲುತ್ತದೆ ಎಂಬುದು ಪ್ರತಿ ಕರಾರಿಗೂ ಬೇರೆ. ಎರಡನೆಯದು ಬಹುಮತ. ಕರಾರಿಗೆ ಹಲವು ಕರ್ತೃಗಳು ಸಹಿ ಮಾಡಿದ್ದರೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನೋಟಿಸ್‌ಗೆ ಸಹಿ ಹಾಕಬೇಕು. ನಾಲ್ವರ ಬ್ಯಾಂಡ್‌ನಲ್ಲಿ ಇಬ್ಬರು ಸಾಲದು, ಮೂವರು ಬೇಕು. ಮೂವತ್ತು ವರ್ಷ ಮಾತು ಬಿಟ್ಟವರಿದ್ದರೆ ಅಲ್ಲಿಗೆ ನಿಂತಿತು.

ಸತ್ತವರ ಪಾಲು ಇಲ್ಲಿ ಬರುತ್ತದೆ. ಸೆವೆನ್ ಇಯರ್ ಬಿಚ್‌ನ ಗಿಟಾರಿಸ್ಟ್ ಸ್ಟೆಫನಿ ಸಾರ್ಜೆಂಟ್ 1992ರಲ್ಲಿ, ಹೋಲ್‌ನ ಬಾಸಿಸ್ಟ್ ಕ್ರಿಸ್ಟನ್ ಫಾಫ್ 1994ರ ಜೂನ್‌ನಲ್ಲಿ ತೀರಿಕೊಂಡರು, ಇಬ್ಬರಿಗೂ ಮೂವತ್ತು ತುಂಬಿರಲಿಲ್ಲ. ಇಂಥ ಸಂದರ್ಭದಲ್ಲಿ ಕಾನೂನಿನ ಪ್ರಕಾರ ಹಕ್ಕು ಸಂಗಾತಿಗೆ ಮತ್ತು ಮಕ್ಕಳಿಗೆ, ಅವರಿಲ್ಲದಿದ್ದರೆ ಆಸ್ತಿ ನೋಡಿಕೊಳ್ಳುವವರಿಗೆ ಹೋಗುತ್ತದೆ. ಆ ಪಾಲು ಒಂದೇ ಮತವಾಗಿ ಎಣಿಕೆಯಾಗುತ್ತದೆ. ಎಷ್ಟೋ ಎಳೆಯ ಕಲಾವಿದರ ಆಸ್ತಿಯ ಕಡತ ಎಂದೋ ಮುಚ್ಚಿರುತ್ತದೆ, ಅದನ್ನು ಮತ್ತೆ ತೆರೆಸುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಎರಡು ವರ್ಷದ ನೋಟಿಸ್ ಎಂದರೆ ಕೆಲಸ ಮೂರು ವರ್ಷ ಮೊದಲೇ ಶುರುವಾಗಬೇಕು ಎನ್ನುವುದು ಇದಕ್ಕೆ.

ಸಣ್ಣ ಕಂಪನಿಗಳ ವಿಷಯದಲ್ಲಿ ಇದೆಲ್ಲ ಬೇಡವಾಗಲೂಬಹುದು. ಹಕ್ಕಿನ ಪೂರ್ಣ ವರ್ಗಾವಣೆಗೆ ಸಹಿ ಇರುವ ಬರಹ ಬೇಕೇ ಬೇಕು, ಬಾಯಿಮಾತು ನಡೆಯದು. ಕೈಕುಲುಕಿ ತಟ್ಟೆ ಮಾಡಿಸಿದ ಬ್ಯಾಂಡ್‌ಗಳಲ್ಲಿ ಎಷ್ಟೋ ಹಕ್ಕನ್ನು ಕಳೆದುಕೊಂಡೇ ಇಲ್ಲ, ಕಳೆದುಕೊಂಡಿದ್ದೇವೆ ಎಂದುಕೊಂಡಿವೆ. ಹಾಗಾಗಿ ಮೊದಲ ಹೆಜ್ಜೆ ಹಳೆಯ ಕರಾರಿನ ಪ್ರತಿ ಹುಡುಕುವುದು.

ಟೇಪ್ ಇದೆಯೇ

ಹಕ್ಕು ಬಂದರೂ ಟೇಪ್ ಬೇಕು. 2008ರ ಜೂನ್‌ನಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಆವರಣದಲ್ಲಿ ಬೆಂಕಿ ಬಿದ್ದು ಮಾಸ್ಟರ್ ಟೇಪುಗಳು ಸುಟ್ಟವು ಎಂಬುದು 2019ರಲ್ಲಿ ಹೊರಬಂದಾಗ ಹೋಲ್ ಕೂಡ ಮೊಕದ್ದಮೆ ಹೂಡಿದವರಲ್ಲಿ ಇತ್ತು. ಹೋಲ್‌ನ ಮಾಸ್ಟರ್‌ಗಳು ಸುಟ್ಟವುಗಳಲ್ಲಿ ಇರಲಿಲ್ಲ ಎಂದು ಕಂಪನಿ ಹೇಳಿದ ಮೇಲೆ ಬ್ಯಾಂಡ್ ಹಿಂದೆ ಸರಿಯಿತು.

ಬೆಂಕಿಗಿಂತ ಸಾಮಾನ್ಯ ಶತ್ರು ತೇವ. ಆಗಿನ ಆಂಪೆಕ್ಸ್ 456ರಂಥ ಟೇಪುಗಳ ಅಂಟು ಗಾಳಿಯ ನೀರು ಹೀರಿ ಕರಗುತ್ತದೆ. ಯಂತ್ರಕ್ಕೆ ಹಾಕಿದರೆ ಕಿರ್ರೆನ್ನುತ್ತದೆ, ಕಂದು ಪುಡಿ ಹೆಡ್‌ಗೆ ಮೆತ್ತಿ ಹಾಡೇ ಉದುರಿಹೋಗುತ್ತದೆ. ನುಡಿಸಿ ನೋಡುವ ಮುಂಚೆಯೇ ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಬೇಕು. ಕಾಲು ಇಂಚಿನ ಟೇಪಿಗೆ ಎಂಟು ಗಂಟೆಯ ಆಸುಪಾಸು, ಎರಡು ಇಂಚಿನದ್ದಕ್ಕೆ ಅದರ ಸುಮಾರು ಎರಡರಷ್ಟು. ಅಡುಗೆಯ ಓವನ್ ಬೇಡ, ಅದರ ಶಾಖ ಏರಿಳಿಯುತ್ತದೆ. ಇನ್ನೂ ಹಳೆಯ ಅಸಿಟೇಟ್ ಟೇಪುಗಳನ್ನು ಯಾವ ಕಾರಣಕ್ಕೂ ಒಣಗಿಸಬಾರದು. ಒಣಗಿಸಿದ್ದು ಕೆಲವು ವಾರ ಮಾತ್ರ ಸರಿಯಿರುತ್ತದೆ, ಅಷ್ಟರೊಳಗೆ ಡಿಜಿಟಲ್‌ಗೆ ಇಳಿಸಬೇಕು. ಎರಡು ಇಂಚಿನ 2500 ಅಡಿಯ ಒಂದು ಸುರುಳಿ ಸೆಕೆಂಡಿಗೆ 30 ಇಂಚಿನ ವೇಗದಲ್ಲಿ 16 ನಿಮಿಷ ಚಿಲ್ಲರೆ ಮಾತ್ರ. ಒಂದು ಆಲ್ಬಮ್ ಎಂದರೆ ಸುರುಳಿಗಳ ರಾಶಿ.

ಬ್ಯಾಮ್ ಬ್ಯಾಮ್‌ನಂಥ ಬ್ಯಾಂಡ್‌ಗೆ ಕೊನೆಯ ತೊಡಕು ಹೆಸರಿನದ್ದು. ಅದೇ ಹೆಸರಿನ ಬೇರೆ ಕಲಾವಿದರಿದ್ದಾರೆ, ಸ್ಟ್ರೀಮಿಂಗ್ ತಾಣಗಳು ಒಬ್ಬರ ಹಾಡನ್ನು ಇನ್ನೊಬ್ಬರ ಪುಟಕ್ಕೆ ಸೇರಿಸುತ್ತವೆ, ಕೇಳಿದವರ ಲೆಕ್ಕವೂ ಅಲ್ಲಿಗೇ ಹೋಗುತ್ತದೆ. ಪ್ರತಿ ಧ್ವನಿಮುದ್ರಣಕ್ಕೆ 12 ಅಕ್ಷರಾಂಕದ ಐಎಸ್‌ಆರ್‌ಸಿ, ಪ್ರತಿ ಕಲಾವಿದರಿಗೆ 16 ಅಂಕಿಯ ಐಎಸ್‌ಎನ್‌ಐ ಎಂಬ ಗುರುತಿನ ಸಂಖ್ಯೆಗಳನ್ನು ಮಾಡಿಸಿ, ನುಡಿಸಿದ ಪ್ರತಿಯೊಬ್ಬರ ಹೆಸರನ್ನೂ ವಿತರಕರ ಅರ್ಜಿಯಲ್ಲಿ ತುಂಬಿಸಬೇಕು. ಅಮೆರಿಕದ ಇಂಟರ್ನೆಟ್ ರೇಡಿಯೋ ಹಣ ಹಂಚುವ ಸೌಂಡ್‌ಎಕ್ಸ್‌ಚೇಂಜ್ ಸಂಸ್ಥೆ ಅರ್ಧವನ್ನು ಹಕ್ಕುದಾರರಿಗೆ, ಶೇಕಡಾ 45ನ್ನು ಮುಖ್ಯ ಕಲಾವಿದರಿಗೆ, 5ನ್ನು ಜೊತೆಗೆ ನುಡಿಸಿದವರ ನಿಧಿಗೆ ಕೊಡುತ್ತದೆ. ತೀರಿಕೊಂಡವರ ಪಾಲನ್ನು ವಾರಸುದಾರರು ಹೆಸರು ನೋಂದಾಯಿಸಿ ಪಡೆಯಬಹುದು. ಯಾರೂ ಬಾರದಿದ್ದರೆ ಮೂರು ವರ್ಷ ಕಾದಿಟ್ಟು, ಆಮೇಲೆ ಆ ಹಣವನ್ನು ಸಂಸ್ಥೆ ತನ್ನ ಆಡಳಿತದ ಖರ್ಚಿಗೆ ಹಾಕಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ.